ತಂಬೂರಿ–ಕಂಸಾಳೆ ಪದಗಳ ಧ್ವನಿಮುದ್ರಿಕೆ ಸಂಗ್ರಹ ಮತ್ತು ಪಾಠಹೋಲಿಕೆ

ತಂಬೂರಿ–ಕಂಸಾಳೆ ಪದಗಳ ಧ್ವನಿಮುದ್ರಿಕೆ ಸಂಗ್ರಹವೆಂದರೆ ಹಳೆಯ ಮೈಸೂರು ಸೀಮೆಯ ನೀಲಗಾರರು ಮತ್ತು ದೇವರಗುಡ್ಡರು ಹಾಡಿದ ಕಥೆ, ಪದಗಳ ರೀಲು, ಕ್ಯಾಸೆಟ್ಟು, ಸಿ.ಡಿ., ಡಿಜಿಟಲ್ ಕಡತಗಳನ್ನು ಹುಡುಕಿ ಕೂಡಿಡುವುದು, ಒಂದೇ ಕಥೆಯ ಬೇರೆ ಬೇರೆ ಹಾಡಿಕೆಗಳನ್ನು ಎದುರುಬದುರು ಇಟ್ಟು ಕೇಳುವುದು. ಈ ಪರಂಪರೆಯ ನೆಲೆ ಮೈಸೂರು, ಚಾಮರಾಜನಗರ, ಮಂಡ್ಯ ಜಿಲ್ಲೆಗಳಲ್ಲಿ ಹರಡಿದೆ. ಕಪಿಲೆಯ ದಡದ ನಂಜನಗೂಡು, ಕಾವೇರಿ–ಕಪಿಲೆಯರು ಕೂಡುವ ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಅದರ ನಡುವಿನ ಸೀಮೆ. ಮಾದೇಶ್ವರನ ಬೆಟ್ಟಕ್ಕೂ ಮಂಟೇಸ್ವಾಮಿ ಪರಂಪರೆಯ ಚಿಕ್ಕಲ್ಲೂರಿಗೂ ಕಪ್ಪಡಿಗೂ ಪರುಸೆ, ಅಂದರೆ ಜಾತ್ರೆಯ ಯಾತ್ರೆ, ಹೊರಡುವ ಊರುಗಳು ಇಲ್ಲಿವೆ. ಮಾದೇಶ್ವರನ ಕಥೆಯಲ್ಲಿ ಬರುವ ಸುತ್ತೂರು ಮಠವೂ ನಂಜನಗೂಡು ತಾಲ್ಲೂಕಿನಲ್ಲೇ ಇದೆ.

ಪರಿಭಾಷೆ

ಈ ಲೇಖನದಲ್ಲಿ ‘ಹಾಡಿಕೆ’ ಎಂದರೆ ಒಂದು ರಾತ್ರಿ ಒಂದು ಮೇಳ ಒಂದು ಕಡೆ ಹಾಡಿದ್ದು. ಅದನ್ನು ಯಂತ್ರ ಹಿಡಿದಿಟ್ಟರೆ ಅದು ‘ಮುದ್ರಿಕೆ’. ಮುದ್ರಿಕೆಯಿಂದ ತೆಗೆದ ಪ್ರತಿಯೊಂದು ಕ್ಯಾಸೆಟ್ಟು ಅಥವಾ ಕಡತ ‘ಪ್ರತಿ’. ಹಾಡಿಕೆಯನ್ನು ಬರಹಕ್ಕಿಳಿಸಿದಾಗ ಅಥವಾ ಇನ್ನೊಂದು ಹಾಡಿಕೆಯ ಪಕ್ಕದಲ್ಲಿಟ್ಟು ನೋಡುವಾಗ ಅದು ‘ಪಾಠ’. ಎರಡು ಪಾಠಗಳ ನಡುವಿನ ವ್ಯತ್ಯಾಸ ‘ಪಾಠಭೇದ’. ಹಸ್ತಪ್ರತಿ ಶಾಸ್ತ್ರದಲ್ಲಿ ಪಾಠಭೇದವೆಂದರೆ ಬಹುಮಟ್ಟಿಗೆ ಲಿಪಿಕಾರನ ತಪ್ಪು. ಹಿಂದೆ ಹಿಂದೆ ಹೋದರೆ ಕವಿಯ ಮೂಲ ಸಿಗಬೇಕೆಂಬುದು ಅಲ್ಲಿನ ನಂಬಿಕೆ. ಬಾಯಿಂದ ಬಾಯಿಗೆ ಬಂದ ಕಾವ್ಯಕ್ಕೆ ಈ ಅರ್ಥ ಹೊಂದುವುದಿಲ್ಲ. ಇಲ್ಲಿ ಮೂಲವೆಂಬ ಒಂದು ಪ್ರತಿ ಇಲ್ಲ. ಪ್ರತಿ ಹಾಡಿಕೆಯೂ ತನ್ನ ಮಟ್ಟಿಗೆ ಪೂರ್ಣ.

‘ಸಾಲು’ ಎಂಬ ಮಾತನ್ನೂ ಗುರುತಿಸಿಕೊಳ್ಳಬೇಕು. ಹಾಡುಗಾರರ ಬಾಯಲ್ಲಿ ಸಾಲೆಂದರೆ ಬರಹದ ಒಂದು ಪಂಕ್ತಿಯಲ್ಲ, ಕಥೆಯ ಒಂದು ಇಡೀ ಭಾಗ. ‘ಸೊಲ್ಲು’ ಎಂದರೆ ಹಿಮ್ಮೇಳ ಮರಳಿ ಮರಳಿ ಎತ್ತಿಕೊಳ್ಳುವ ಪಲ್ಲವಿ. ‘ಮಟ್ಟು’ ಎಂದರೆ ಹಾಡಿನ ಧಾಟಿ.

ಹಾಡುಗಾರರು ಮತ್ತು ಕಥೆಗಳು

ಇಲ್ಲಿನ ಹಾಡುಗಾರರಲ್ಲಿ ಎರಡು ಮುಖ್ಯ ಪಂಗಡಗಳಿವೆ. ನೀಲಗಾರರು ಸಂತ ಮಂಟೇಸ್ವಾಮಿಯ ಒಕ್ಕಲು, ಅಂದರೆ ಭಕ್ತರು. ಅವರು ಹೆಚ್ಚಾಗಿ ದಲಿತ ಸಮುದಾಯಗಳಿಂದ, ಇತರ ಹಿಂದುಳಿದ ಸಮುದಾಯಗಳಿಂದಲೂ ಬಂದವರು. ಮುಂದಾಳು ತಂಬೂರಿ ಹಿಡಿದು ಗಗ್ಗರ ಅಲುಗಿಸುತ್ತ ಕಥೆ ಹೇಳಿದರೆ ಡಕ್ಕೆ, ತಾಳ, ದಮ್ಮಡಿಯವರು ಸೊಲ್ಲು ಎತ್ತಿಕೊಡುತ್ತಾರೆ. ದೇವರಗುಡ್ಡರು ಮಾದೇಶ್ವರನಿಗೆ ಒಪ್ಪಿಸಿಕೊಂಡವರು. ಕೋರಣ್ಯ ಅಂದರೆ ಭಿಕ್ಷೆ ಅವರ ವ್ರತ. ಅವರ ವಾದ್ಯ ಕಂಚಿನ ಜೋಡಿ ತಾಳವಾದ ಕಂಸಾಳೆ. ಒಂದು ಬಟ್ಟಲಿನಂತೆ ಕೈಯಲ್ಲಿ ನಿಲ್ಲುತ್ತದೆ, ಇನ್ನೊಂದು ಗೊಂಡೆಯ ದಾರದಲ್ಲಿ ಬೀಸಿ ಬಂದು ಅದಕ್ಕೆ ಬಡಿಯುತ್ತದೆ. ವೇದಿಕೆಗಳಲ್ಲಿ ಹೆಸರಾದದ್ದು ಕುಣಿತದ ಬೀಸು ಕಂಸಾಳೆ. ಮುದ್ರಿಕೆ ಸಂಗ್ರಹಕ್ಕೆ ಮುಖ್ಯವಾದದ್ದು ಕೂತು ಹಾಡುವ ಕಂಸಾಳೆ, ಏಕೆಂದರೆ ಕಥೆ ಇರುವುದು ಅಲ್ಲಿ.

ಮಾದೇಶ್ವರನ ಕಾವ್ಯವನ್ನು ಸಾಮಾನ್ಯವಾಗಿ ಏಳು ಸಾಲುಗಳಾಗಿ ಎಣಿಸುತ್ತಾರೆ: ಹುಟ್ಟಿದ ಸಾಲು, ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ದೇವಾನುದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣನನ್ನು ಹರಳಯ್ಯನ ಕೈಯಲ್ಲಿ ಅರಗಿನ ಪಾದರಕ್ಷೆ ಮಾಡಿಸಿ ಸುಡುವ ಪ್ರಸಂಗ ಇವುಗಳಲ್ಲೆಲ್ಲ ಹೆಚ್ಚು ಕೇಳಿಬರುವಂಥದು. ಮಂಟೇಸ್ವಾಮಿಯ ಕಾವ್ಯ ಕಲ್ಯಾಣದಿಂದ ಹೊರಟು ನಿಡುಘಟ್ಟದ ಕೆಂಪಾಚಾರಿ ಸಿದ್ಧಪ್ಪಾಜಿಯಾಗುವುದನ್ನೂ ಹಲಗೂರಿನ ಪಾಂಚಾಳರಿಂದ ಅವನು ಕಬ್ಬಿಣ ತರುವುದನ್ನೂ ಹೇಳುತ್ತದೆ. ಇವಲ್ಲದೆ ಬಿಳಿಗಿರಿರಂಗನ ಕಥೆ, ನಂಜುಂಡ–ಚಾಮುಂಡಿಯರ ಕಥೆಗಳೂ ಇದೇ ಹಾಡುಗಾರರ ಬಾಯಲ್ಲಿವೆ.

ಈ ಕಥೆಗಳಿಗೆ ನಿಗದಿಯಾದ ವೇಳೆಯಿದೆ. ಚಿಕ್ಕಲ್ಲೂರು ಜಾತ್ರೆ ಬನದ ಹುಣ್ಣಿಮೆಗೆ; ಕಪ್ಪಡಿ ಜಾತ್ರೆ ಶಿವರಾತ್ರಿಯಿಂದ ಮುಂದಕ್ಕೆ; ಮಾದೇಶ್ವರನ ಬೆಟ್ಟದಲ್ಲಿ ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿ. ಮನೆಗಳಲ್ಲಿ ಹರಕೆಗೆ, ಪರಕ್ಕೆ, ತಿಥಿಗೆ ‘ಕಥೆ ಮಾಡಿಸುವುದು’ ರೂಢಿ. ಸಂಜೆ ಕೂತ ಮೇಳ ಬೆಳಗಿನ ಜಾವಕ್ಕೆ ಏಳುತ್ತದೆ. ಇಡೀ ಕಾವ್ಯವನ್ನು ಒಂದೇ ರಾತ್ರಿ ಮುಗಿಸುವುದಿಲ್ಲ. ಮಾಡಿಸಿದವರು ಬಯಸಿದ ಸಾಲನ್ನು ಹಾಡುತ್ತಾರೆ.

ಮುದ್ರಣದ ಇತಿಹಾಸ

ತಿ. ನರಸೀಪುರದ ಸಂಗೀತ ಗ್ರಾಮಫೋನಿಗೆ ಬೇಗನೆ ಬಂತು, ಆದರೆ ಬಂದದ್ದು ಶಾಸ್ತ್ರೀಯ ಸಂಗೀತ. ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಟಿ. ಚೌಡಯ್ಯ (1895–1967) ಏಳು ತಂತಿಯ ಪಿಟೀಲಿನಿಂದ ಹೆಸರಾದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಅವರ ನಾದ ಗ್ರಾಮಫೋನ್ ತಟ್ಟೆಯಲ್ಲೂ ರೇಡಿಯೊದಲ್ಲೂ ಉಳಿದಿದೆ. ಅದೇ ಸೀಮೆಯ ತಂಬೂರಿ ಕಥೆ ಆ ತಟ್ಟೆಗಳಿಗೆ ಏರಲಿಲ್ಲ. ಇದಕ್ಕೆ ಜಾತಿಯ ಅಂತರ ಒಂದು ಕಾರಣವಾದರೆ ತಟ್ಟೆಯ ಅಳತೆ ಇನ್ನೊಂದು. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು 3 ನಿಮಿಷ. ಒಂದು ಕೃತಿಯನ್ನು ಚುಟುಕಾಗಿಸಿ ಅಷ್ಟರಲ್ಲಿ ಕೂರಿಸಬಹುದು. ಸ್ತುತಿ ಮುಗಿಸಿ ಕಥೆಗೆ ಇಳಿಯಲೇ ಅದಕ್ಕಿಂತ ಹೆಚ್ಚು ಹೊತ್ತು ಬೇಕಾದ ಒಂದು ಸಾಲು ಅಲ್ಲಿ ಹಿಡಿಯುವುದಿಲ್ಲ.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಆಕಾಶವಾಣಿಯಿಂದ ಈ ಭಾಗಕ್ಕೆ ರೇಡಿಯೊ ಬಂತು. ಮುಂದೆ ಬಂದ ಜನಪದ ಸಂಗೀತ ಕಾರ್ಯಕ್ರಮಗಳು ಹಳ್ಳಿಯ ಹಾಡುಗಾರರನ್ನು ಸ್ಟುಡಿಯೊಕ್ಕೆ ಕರೆತಂದವು. ಅಲ್ಲಿಯೂ ಕಥೆ ಕಾರ್ಯಕ್ರಮದ ಅವಧಿಗೆ ತುಂಡಾಯಿತು.

ನಿಜವಾದ ತಿರುವು ರೀಲ್ ಟೇಪ್ ರೆಕಾರ್ಡರಿನದು. 7 ಅಂಗುಲದ 1200 ಅಡಿಯ ರೀಲು ಸೆಕೆಂಡಿಗೆ 7.5 ಅಂಗುಲದ ವೇಗದಲ್ಲಿ ಸುಮಾರು ಅರ್ಧ ಗಂಟೆ ಓಡುತ್ತದೆ. ವೇಗವನ್ನು ಅರ್ಧಕ್ಕೆ ತಗ್ಗಿಸಿದರೆ ಅದರ ಎರಡರಷ್ಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ರೂಪುಗೊಂಡಿತು, 1968ರಲ್ಲಿ ದೇ. ಜವರೇಗೌಡರ ಕಾಲದಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾಯಿತು. ಜೀ.ಶಂ. ಪರಮಶಿವಯ್ಯನವರು ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳ ಅಧ್ಯಯನದಲ್ಲಿ ನೀಲಗಾರರನ್ನೂ ದೇವರಗುಡ್ಡರನ್ನೂ ಒಂದು ವ್ಯವಸ್ಥೆಯಾಗಿ ವಿವರಿಸಿದರು. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿ ಪ್ರಕಟವಾಯಿತು. 1979ರಲ್ಲಿ ಎಚ್.ಎಲ್. ನಾಗೇಗೌಡರು ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ರಾಮನಗರದ ಜಾನಪದ ಲೋಕ 1994ರಲ್ಲಿ ತೆರೆಯಿತು, ಧ್ವನಿ ಮತ್ತು ದೃಶ್ಯ ದಾಖಲೆಗಳೂ ಅದರ ಆಸ್ತಿಯ ಭಾಗ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ‘ಮಂಟೇಸ್ವಾಮಿ’ಯನ್ನೂ ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯವನ್ನೂ ಹೊರತಂದಿತು. ಕೇಶವನ್ ಪ್ರಸಾದರ ಸಂಗ್ರಹ ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳದ ಹಾಡಿಕೆಯದು. ಅದರ ಇಂಗ್ಲಿಷ್ ಅನುವಾದ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಬಂದಾಗ ಹಾಡಿದವರ ಹೆಸರು ಮುಖಪುಟಕ್ಕೆ ಬಂತು. ಅದಕ್ಕೆ ಮೊದಲು ಜನಪದ ಸಂಗ್ರಹಗಳಲ್ಲಿ ಹಾಡಿದವರ ಹೆಸರಿಗೆ ಸಾಮಾನ್ಯವಾಗಿ ಸಿಗುತ್ತಿದ್ದ ಜಾಗ ಅನುಬಂಧದಲ್ಲಿ.

ಕ್ಯಾಸೆಟ್ ಯುಗ

1980ರ ದಶಕದಿಂದ ಕ್ಯಾಸೆಟ್ ಈ ಹಾಡುಗಳನ್ನು ಸಂಶೋಧಕರ ಕೈಯಿಂದ ಜಾತ್ರೆಯ ಅಂಗಡಿಗೆ ತಂದಿತು. ತಂಬೂರಿ ಕಥೆಗಳಿಗೆ ಮಳವಳ್ಳಿ ಮಹದೇವಸ್ವಾಮಿಯವರ ಧ್ವನಿ ಮನೆಮಾತಾಯಿತು. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 30 ನಿಮಿಷ, 90 ನಿಮಿಷದ್ದಾದರೆ 45. ಕಥೆಯನ್ನು ಈ ಅಳತೆಗೆ ಕತ್ತರಿಸಿ ‘ಭಾಗ 1’, ‘ಭಾಗ 2’ ಎಂದು ಬಿಡುಗಡೆ ಮಾಡಿದಾಗ ಹೊಸದೊಂದು ಪಾಠವೇ ಹುಟ್ಟಿತು. ಬದಿ ಮುಗಿಯುವಲ್ಲಿ ಪ್ರಸಂಗವೂ ಮುಗಿಯಬೇಕಾಯಿತು, ಸೊಲ್ಲಿನ ಮರುಕಳಿಕೆ ಕಡಿಮೆಯಾಯಿತು. ತಂಬೂರಿ, ಗಗ್ಗರಗಳ ಜೊತೆಗೆ ಹಾರ್ಮೋನಿಯಂ, ತಬಲ, ಕೀಬೋರ್ಡು ಸೇರಿದವು. ರಾತ್ರಿಯ ಹಾಡಿಕೆಯಲ್ಲಿ ಮೇಳದವರು ಕಥೆ ನಿಲ್ಲಿಸಿ ಆಡುವ ಮಾತು, ಕೇಳುಗರ ‘ಹೂಂ’ಗುಟ್ಟುವಿಕೆ ಸ್ಟುಡಿಯೊ ಮುದ್ರಿಕೆಯಲ್ಲಿ ಇಲ್ಲ.

ಆದರೂ ಕ್ಯಾಸೆಟ್ಟನ್ನು ಕೆಡಿಸಿದ ಪಾಠವೆಂದು ತಳ್ಳಿಹಾಕುವುದು ಸರಿಯಲ್ಲ. ಬಸ್ಸಿನಲ್ಲಿ, ಜಾತ್ರೆಯಲ್ಲಿ, ದೇವಸ್ಥಾನದ ಧ್ವನಿವರ್ಧಕದಲ್ಲಿ ಜನ ಕೇಳಿದ್ದು ಅದನ್ನೇ. ಎಷ್ಟೋ ಎಳೆಯ ಹಾಡುಗಾರರು ಗುರುವಿನಿಂದ ಕಲಿತಷ್ಟೇ ಕ್ಯಾಸೆಟ್ಟಿನಿಂದಲೂ ಕಲಿತಿದ್ದಾರೆ. ಆದ್ದರಿಂದ 1990ರ ಬಳಿಕದ ಯಾವುದೇ ಹಾಡಿಕೆಯನ್ನು ಹೋಲಿಸುವಾಗ ಕ್ಯಾಸೆಟ್ ಪಾಠವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಮುದ್ರಿಕೆಗಳ ಬಗೆ ಮತ್ತು ಅಪರೂಪತೆ

ಸಂಗ್ರಹಕಾರರಿಗೆ ಸಿಗುವ ಮುದ್ರಿಕೆಗಳು ಹುಟ್ಟಿನಿಂದ ಮೂರು ತೆರ. ಸಂಶೋಧಕರು ಮತ್ತು ಸಂಸ್ಥೆಗಳು ಊರಿಗೆ ಹೋಗಿ ಮಾಡಿದ್ದು. ಕಂಪನಿಗಳು ಮಾರಾಟಕ್ಕೆ ಮಾಡಿದ್ದು. ಮನೆಯವರು ತಮ್ಮ ಮನೆಯ ಕಥೆಯನ್ನು ತಾವೇ ಟೇಪಿಗೆ ಹಿಡಿದಿದ್ದು.

ಹೊರದೇಶಗಳಲ್ಲಿ ಅಪರೂಪದ ಮುದ್ರಿಕೆ ಸಂಗ್ರಹವೆಂದೊಡನೆ ನೆನಪಾಗುವುದು ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ 45 ಸುತ್ತಿನ ತಟ್ಟೆಗಳು. ಇಂಗ್ಲೆಂಡಿನ ಉತ್ತರ ಭಾಗದ ಕುಣಿತದ ಮನೆಗಳಲ್ಲಿ, ಅದರಲ್ಲೂ 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೊದಲ್ಲಿ, ಮಾರಾಟವಾಗದೆ ಬಿದ್ದಿದ್ದ ತಟ್ಟೆಗಳಿಗೆ ಬೆಲೆ ಬಂತು. ಮೋಟೌನ್ ಕಂಪನಿಗಾಗಿ ಫ್ರ್ಯಾಂಕ್ ವಿಲ್ಸನ್ 1965ರಲ್ಲಿ ಹಾಡಿದ ಒಂದು ತಟ್ಟೆಯ ಪ್ರತಿಗಳು ಬೆರಳೆಣಿಕೆಯಷ್ಟೇ ಉಳಿದಿರುವುದರಿಂದ ಅದು ಆ ಲೋಕದ ಅತಿ ದುಬಾರಿ ವಸ್ತುಗಳಲ್ಲೊಂದು. ಅಲ್ಲಿ ಅಪರೂಪವೆಂದರೆ ಅಚ್ಚಾದ ಪ್ರತಿ ಕಡಿಮೆ ಎಂದು. ಒಂದೇ ಹಾಡನ್ನು ಬೇರೆ ಬೇರೆ ಗಾಯಕರು ಹಾಡಿದ ತಟ್ಟೆಗಳನ್ನು ಹೋಲಿಸುವಾಗಲೂ ಮೊದಲು ಬರೆದವರು ಯಾರು, ಮೊದಲು ಹಾಡಿದವರು ಯಾರು ಎಂಬುದು ಗೊತ್ತಿರುತ್ತದೆ.

ಮೈಸೂರು ಸೀಮೆಯಲ್ಲಿ ಅಪರೂಪತೆಯ ಅರ್ಥ ಬೇರೆ. ಜಾತ್ರೆಯಲ್ಲಿ ರಾಶಿ ಮಾರಿದ ಕ್ಯಾಸೆಟ್ಟೂ ಈಗ ಸಿಗುವುದು ಕಷ್ಟ, ಯಾರೂ ಎತ್ತಿಡಲಿಲ್ಲವಾದ್ದರಿಂದ. ಮನೆಯ ಮುದ್ರಿಕೆಗಳಂತೂ ಹುಟ್ಟುವಾಗಲೇ ಒಂದೇ ಪ್ರತಿ. ಇವೆರಡಕ್ಕಿಂತಲೂ ಅಪರೂಪವಾದದ್ದು ವಿವರ ಸಹಿತವಾದ ಮುದ್ರಿಕೆ. ಹಾಡಿದವರ ಹೆಸರು, ಊರು, ಗುರು, ದಿನ, ಯಾವ ಕಾರಣಕ್ಕೆ ಕಥೆ ಮಾಡಿಸಿದರು, ಯಾವ ಸಾಲು, ಮೇಳದಲ್ಲಿ ಯಾರಿದ್ದರು ಎಂಬುದು ಬರೆದಿಲ್ಲದ ಟೇಪು ಕೇಳಲು ಇಂಪಾದರೂ ಹೋಲಿಕೆಗೆ ಅರ್ಧ ಕುರುಡು. ಕವರು ಕಳೆದ ಕ್ಯಾಸೆಟ್ಟಿನಲ್ಲಿ ಊರು ತಿಳಿಯಲು ಒಂದು ದಾರಿ ಉಳಿದಿದೆ. ಕಥೆ ಆರಂಭಿಸುವ ಮುನ್ನ ಹಾಡುಗಾರರು ಸುತ್ತಲಿನ ದೈವಗಳನ್ನು ನೆನೆಯುತ್ತಾರೆ, ಮಾಡಿಸಿದವರನ್ನು ಹೆಸರು ಹಿಡಿದು ಹರಸುತ್ತಾರೆ. ನಂಜನಗೂಡಿನ ನಂಜುಂಡನೋ ಮುಡುಕುತೊರೆಯ ಮಲ್ಲಪ್ಪನೋ ಎಷ್ಟನೆಯವನಾಗಿ ಬರುತ್ತಾನೆ ಎಂಬುದರಿಂದ ಹಾಡಿಕೆ ಯಾವ ದಿಕ್ಕಿನದೆಂದು ಊಹಿಸಬಹುದು, ಖಚಿತವೆನ್ನಲಾಗದು.

ಪಾಠಹೋಲಿಕೆಯ ವಿಧಾನ

ಮೌಖಿಕ ಕಾವ್ಯದ ಹೋಲಿಕೆಗೆ ಶಾಸ್ತ್ರದ ಬುನಾದಿ ಹಾಕಿದವರು ಯುಗೊಸ್ಲಾವಿಯದ ಹಾಡುಗಾರರನ್ನು ಮುದ್ರಿಸಿಕೊಂಡ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್. ಲಾರ್ಡ್ ಅವರ ಗ್ರಂಥ 1960ರಲ್ಲಿ ಬಂತು. ಹಾಡುಗಾರ ಕಂಠಪಾಠ ಒಪ್ಪಿಸುವುದಿಲ್ಲ, ಸಿದ್ಧ ನುಡಿಗಟ್ಟುಗಳನ್ನೂ ಪ್ರಸಂಗಗಳನ್ನೂ ಕೂಡಿಸಿ ಹಾಡುತ್ತಲೇ ಕಟ್ಟುತ್ತಾನೆ ಎಂಬುದು ಅವರ ಶೋಧ. ಕರ್ನಾಟಕದಲ್ಲಿ ಈ ಬಗೆಯ ಕೆಲಸದ ದೊಡ್ಡ ಮಾದರಿ ತುಳುವಿನ ಸಿರಿ ಕಾವ್ಯ. ಗೋಪಾಲ ನಾಯ್ಕರು 1990ರಲ್ಲಿ ಹಾಡಿದ್ದನ್ನು ಲೌರಿ ಹಾಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಸಂಗಡಿಗರು ಮುದ್ರಿಸಿಕೊಂಡು 1998ರಲ್ಲಿ 15,683 ಪಂಕ್ತಿಗಳಾಗಿ ಪ್ರಕಟಿಸಿದರು. ಹಾಡುಗಾರನ ಮನಸ್ಸಿನಲ್ಲಿ ಒಂದು ಪಾಠವಿರುತ್ತದೆ, ಪ್ರತಿ ಹಾಡಿಕೆ ಅದರ ಒಂದು ರೂಪ ಎಂದು ಹಾಂಕೊ ವಾದಿಸಿದರು.

ತಂಬೂರಿ ಮತ್ತು ಕಂಸಾಳೆ ಕಥೆಗಳಲ್ಲಿ ಹೋಲಿಕೆ ಆರಂಭವಾಗುವುದು ಸಾಲನ್ನು ಪ್ರಸಂಗಗಳಾಗಿ ಬಿಡಿಸಿ ಎರಡೂ ಮುದ್ರಿಕೆಗಳಲ್ಲಿ ಅವುಗಳ ನಿಮಿಷ ಗುರುತಿಸುವುದರಿಂದ. ಹಾಡುಗಾರ ಎಲ್ಲಿ ನಿಂತ, ಎಲ್ಲಿ ಓಡಿದ ಎಂಬುದು ಹೀಗೆ ತಿಳಿಯುತ್ತದೆ. ಒಬ್ಬರು ಸಂಕಮ್ಮನ ಅಳಲಿನ ಮೇಲೆ ಬಹಳ ಹೊತ್ತು ನಿಂತರೆ ಇನ್ನೊಬ್ಬರು ಅದನ್ನು ಮಾತಿನಲ್ಲಿ ದಾಟಿಸಿ ಬಿಡಬಹುದು. ಕಥೆ ಒಂದೇ, ಭಾರ ಬೀಳುವ ಜಾಗ ಬೇರೆ. ಅನಂತರ ನುಡಿಗಟ್ಟು, ಮಟ್ಟು, ಸೊಲ್ಲು ನೋಡಬೇಕು. ಬಿಟ್ಟುಹೋದದ್ದನ್ನು ಮರೆವು ಎಂದು ತೀರ್ಮಾನಿಸುವ ಮುಂಚೆ ಕೇಳುಗರಾರು, ರಾತ್ರಿ ಎಷ್ಟು ಹೊತ್ತಾಗಿತ್ತು, ಟೇಪು ಮುಗಿಯುತ್ತಿತ್ತೇ ಎಂದು ನೋಡಬೇಕು. ಟೇಪಿನ ವೇಗ ಏರುಪೇರಾಗಿದ್ದರೆ ಶ್ರುತಿಯೂ ಲಯವೂ ಒಟ್ಟಿಗೆ ಬದಲಾಗುತ್ತವೆ. ಇದನ್ನು ಹಾಡುಗಾರನ ಮೇಲೆ ಹೊರಿಸಿದರೆ ಹೋಲಿಕೆಯೇ ದಾರಿ ತಪ್ಪುತ್ತದೆ.

ಬರಹಕ್ಕಿಳಿಸುವುದು ಎಲ್ಲಕ್ಕಿಂತ ಕಷ್ಟದ ಹಂತ. ಈ ಸೀಮೆಯ ಮಾತಿನಲ್ಲಿ ಮೇಲೆ ‘ಮ್ಯಾಲೆ’, ಕೋಣ ‘ಕ್ವಾಣ’, ದೇವರು ‘ದ್ಯಾವರು’. ಹಕಾರ ಮೆಲ್ಲಗಾಗುತ್ತದೆ ಇಲ್ಲವೇ ಬಿಟ್ಟೇಹೋಗುತ್ತದೆ. ಕೋರಣ್ಯವೆಂಬ ಒಂದೇ ಮಾತು ‘ಕೋರಣ್ಯ’, ‘ಕ್ವಾರಣ್ಯ’, ‘ಕ್ವಾರುಣ್ಯ’ ಎಂದು ಬರುತ್ತದೆ. ಸಂಪಾದಕರು ಇದನ್ನು ಶಿಷ್ಟ ಕನ್ನಡಕ್ಕೆ ತಿದ್ದಿಕೊಂಡರೆ ಪಾಠಭೇದ ಅಳಿಸಿಹೋಗುತ್ತದೆ. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದರೆ ಇಲ್ಲದ ಭೇದ ಹುಟ್ಟುತ್ತದೆ. ಈ ನುಡಿಯನ್ನು ಅಚ್ಚಿನಲ್ಲಿ ಅದರ ಉಸಿರಿನ ಸಮೇತ ಹಿಡಿಯಬಹುದೆಂದು ತೋರಿಸಿದ ಕೃತಿ ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’. ಅದು ಕಾದಂಬರಿ, ಸಂಗ್ರಹವಲ್ಲ. ಆದರೂ ಮುದ್ರಿಕೆಗಳನ್ನು ಬರಹಕ್ಕಿಳಿಸುವವರಿಗೆ ಅದರ ಬರವಣಿಗೆ ಪದ್ಧತಿ ಉಪಯುಕ್ತ.

ಎರಡು ನಿದರ್ಶನಗಳು

ಮಾದಪ್ಪನ, ಅಂದರೆ ಮಾದೇಶ್ವರನ, ಪದಗಳಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’ ಇಂದು ಅತಿ ಹೆಚ್ಚು ರೂಪಗಳಲ್ಲಿ ಸಿಗುವ ಪದ. ಅನನ್ಯಾ ಭಟ್ ಅವರ ಹಾಡಿಕೆಯಿಂದ ಕನ್ನಡದಾಚೆಗೂ ಅದು ಹೆಸರಾಯಿತು. 2021ರಲ್ಲಿ ರಾಜ್ ಬಿ. ಶೆಟ್ಟಿ ನಿರ್ದೇಶನದ ‘ಗರುಡ ಗಮನ ವೃಷಭ ವಾಹನ’ ಚಿತ್ರಕ್ಕೆ ಚೈತ್ರಾ ಜೆ. ಆಚಾರ್ ಹಾಡಿದರು. ಹೆಸರಿನಲ್ಲೇ ‘ಸೋಜಿಗದ’, ‘ಸೋಜುಗಾದ’, ‘ಸೂಜಿ’, ‘ಸೂಜು’ ಎಂಬ ಭೇದಗಳಿವೆ. ಅದರ ನುಡಿಗಳು ಒಂದು ಕಥೆಯ ಸರಪಳಿಯಲ್ಲ. ಒಂದರಲ್ಲಿ ಹೂವು ಪತ್ರೆಗಳ ಪೂಜೆ, ಇನ್ನೊಂದರಲ್ಲಿ ತುಪ್ಪದ ಸೇವೆ, ಮತ್ತೊಂದರಲ್ಲಿ ಬೆಟ್ಟ ಹತ್ತುವವರ ಮನಸ್ಸು, ಮಗದೊಂದರಲ್ಲಿ ಹುಚ್ಚೆಳ್ಳಿನ ಹೂವಿನಂತೆ ಹೆಚ್ಚುವ ಪರುಸೆ. ಪ್ರತಿ ನುಡಿಯೂ ತನ್ನಷ್ಟಕ್ಕೆ ಪೂರ್ಣವಾದ್ದರಿಂದ ಹಾಡುಗಾರರು ಅವನ್ನು ಹಿಂದುಮುಂದು ಮಾಡಬಹುದು, ಬಿಡಬಹುದು, ಸೇರಿಸಬಹುದು. ಜನಪ್ರಿಯ ಮುದ್ರಿಕೆ ಬಂದ ಮೇಲೆ ಆ ಒಂದು ಅನುಕ್ರಮವೇ ‘ಸರಿಯಾದ’ ಹಾಡು ಎಂಬ ಭಾವನೆ ಬೆಳೆದಿದೆ. ಈ ಪದವನ್ನು ಕಂಸಾಳೆಯ ಬಡಿತಕ್ಕೆ ಹಾಡಿದ ಹಳೆಯ ಕ್ಯಾಸೆಟ್ಟುಗಳು ಸಂಗ್ರಹಕಾರರಿಗೆ ಬೇಕಾಗಿರುವುದು ಈ ಕಾರಣಕ್ಕೆ.

ಸಂಕಮ್ಮನ ಸಾಲಿಗೆ ಸೇರಿದ ಕೋಲುಮಂಡೆ ಪದದ್ದು ಇನ್ನೊಂದು ದಾರಿ. ಟಿ.ಎಸ್. ನಾಗಾಭರಣರ ‘ಜನುಮದ ಜೋಡಿ’ (1996) ಚಿತ್ರದಲ್ಲಿ ವಿ. ಮನೋಹರ್ ಸಂಗೀತದಲ್ಲಿ ಎಲ್.ಎನ್. ಶಾಸ್ತ್ರಿ ಅದನ್ನು ಹಾಡಿ ರಾಜ್ಯ ಪ್ರಶಸ್ತಿ ಪಡೆದರು. 2020ರಲ್ಲಿ ಚಂದನ್ ಶೆಟ್ಟಿ ಅದನ್ನು ಹೊಸ ಲಯಕ್ಕೆ ಒಗ್ಗಿಸಿ ವಿಡಿಯೊ ಹೊರತಂದಾಗ ಸಂಕಮ್ಮನ ಚಿತ್ರಣಕ್ಕೆ ಭಕ್ತರು ಆಕ್ಷೇಪವೆತ್ತಿದರು, ವಿಡಿಯೊವನ್ನು ಹಿಂತೆಗೆಯಲಾಯಿತು. ಸಿನಿಮಾ ಹಾಡನ್ನು ಒಪ್ಪಿಕೊಂಡಿದ್ದ ಜನ ಇದನ್ನು ಒಪ್ಪಲಿಲ್ಲವೆಂದರೆ ಪಾಠದ ಗಡಿಯನ್ನು ನಿರ್ಧರಿಸುವುದು ಮಟ್ಟೊಂದೇ ಅಲ್ಲ, ಕಥೆಯ ಪಾತ್ರಕ್ಕೆ ಸಲ್ಲುವ ಗೌರವವೂ ಹೌದು.

ನಂಜುಂಡ–ಚಾಮುಂಡಿ ಕಥೆಯ ಪಾಠಗಳು

ನಂಜನಗೂಡಿಗೆ ತೀರ ತನ್ನದಾದ ಕಥೆ ಇದು. ಬೆಟ್ಟದ ಚಾಮುಂಡಿ, ಕಪಿಲೆಯ ದಡದ ನಂಜುಂಡ, ಅವನ ಮನೆಯಾಕೆ ದೇವೀರಿ, ಚಾಮುಂಡಿಯ ತಂಗಿ ಉತ್ತನಹಳ್ಳಿ ಮಾರಿ — ನಾಲ್ವರ ನಡುವಿನ ಒಲವು, ಮುನಿಸು, ಸವತಿ ಜಗಳ. ಹೆಂಗಸರು ಹಾಡುವ ಬಿಡಿ ಪದಗಳಲ್ಲೂ ಗುಡ್ಡರ ಉದ್ದನೆಯ ಕಥೆಯಲ್ಲೂ ಇದು ಬರುತ್ತದೆ. ಮನೆಯಾಕೆ ಒಂದು ಪಾಠದಲ್ಲಿ ದೇವೀರಿ, ಮತ್ತೊಂದರಲ್ಲಿ ದೇವೀರಮ್ಮ, ಇನ್ನೊಂದರಲ್ಲಿ ಪಾರ್ವತಿ. ದೇವಸ್ಥಾನದ ಪಾಠ ಬೇರೆಯೇ. ದೊಡ್ಡ ಜಾತ್ರೆಯ ಗೌತಮ ಪಂಚ ಮಹಾರಥೋತ್ಸವದಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳು ಎಳೆಯಲ್ಪಡುತ್ತವೆ. ಬೆಟ್ಟದ ಚೆಲುವೆಗೆ ಅಲ್ಲಿ ತೇರಿಲ್ಲ. ಅವಳ ಜಾಗ ಹಾಡಿನಲ್ಲಿ. ಇದೇ ಕಥೆಯನ್ನು ಸುಜಾತಾ ಅಕ್ಕಿಯವರು ‘ಚಾಮ ಚೆಲುವೆ’ ನಾಟಕವಾಗಿಸಿದ್ದಾರೆ.

ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳಿಗೆ ಸಿಕ್ಕ ವಿಸ್ತಾರವಾದ ಸಂಪಾದನೆಯನ್ನು ಈ ಕಥೆಯ ಮುದ್ರಿಕೆಗಳಿಗೂ, ಅದರಲ್ಲೂ ಹೆಂಗಸರ ಹಾಡಿಕೆಗೆ, ಕೊಡಬೇಕಾಗಿದೆ. ಗದ್ದೆಯಲ್ಲೋ ಬೀಸುವಾಗಲೋ ಹಾಡಿದ್ದನ್ನು ಮುಂದೆ ಕೂರಿಸಿ ಹಾಡಿಸಿದರೆ ಕೆಲಸದ ಲಯ ಕಳಚಿಹೋಗುತ್ತದೆ. ಹೀಗಾಗಿ ಇಲ್ಲಿ ಮುದ್ರಿಸಿದ ಸಂದರ್ಭದ ವಿವರ ಇನ್ನೂ ಅಗತ್ಯ.

ಸಂರಕ್ಷಣೆ ಮತ್ತು ಹಕ್ಕು

ಟೇಪಿಗೆ ಮೈಸೂರಿನ ಹವೆಯಲ್ಲಿ ಬೂಷ್ಟು ದೊಡ್ಡ ಶತ್ರು. ಅಂಟು ಕರಗಿ ಪದರ ಉದುರುವುದು, ಸುತ್ತಿನಿಂದ ಸುತ್ತಿಗೆ ಧ್ವನಿ ಅಚ್ಚೊತ್ತುವುದು ಉಳಿದ ತೊಂದರೆಗಳು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಶುಚಿ ಮಾಡದೆ ಓಡಿಸಿದರೆ ಟೇಪೂ ಯಂತ್ರವೂ ಹಾಳಾಗುತ್ತವೆ. ಡಿಜಿಟಲಿಗೆ ಇಳಿಸುವಾಗ 24 ಬಿಟ್, 96 ಕಿಲೋಹರ್ಟ್ಸ್ ಗುಣಮಟ್ಟದ, ಒತ್ತದ ಕಡತ ಇಡುವುದು ಧ್ವನಿ ಭಂಡಾರಗಳ ರೂಢಿ. ಸದ್ದು ಕಳೆದು ‘ಚೊಕ್ಕ’ ಮಾಡಿದ್ದನ್ನು ಬೇರೆ ಪ್ರತಿಯಾಗಿಯೇ ಇಡಬೇಕು. ಹಿಂದೆ ಕೇಳುವ ನಾಯಿ ಬೊಗಳು, ಮಗುವಿನ ಅಳು ಆ ರಾತ್ರಿಯ ದಾಖಲೆಯೇ.

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಡುಗಾರರಿಗೆ ಪ್ರದರ್ಶಕರ ಹಕ್ಕು 1994ರ ತಿದ್ದುಪಡಿಯಿಂದ ಬಂತು, ಅವಧಿ ಈಗ 50 ವರ್ಷ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯಲ್ಲಿ ಅವರಿಗೆ ಗೌರವಧನದ ಪಾಲನ್ನೂ ಒಪ್ಪಿತು. ಪರಂಪರೆಯ ಕಥೆಗೆ ಒಬ್ಬ ಕರ್ತೃವಿಲ್ಲದ ಕಾರಣ ಕಥೆಯ ಮೇಲೆ ಯಾರಿಗೂ ಒಡೆತನವಿಲ್ಲ. ಹಾಡಿದ ಮೇಳಕ್ಕೆ ತನ್ನ ಹಾಡಿಕೆಯ ಮೇಲೆ ಹಕ್ಕಿದೆ. ಸಂಗ್ರಹದಲ್ಲಿರುವ ಟೇಪನ್ನು ಹೊರಬಿಡುವ ಮುನ್ನ ಹಾಡಿದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆಯುವುದು ನ್ಯಾಯ.

ಇಂದಿನ ಸ್ಥಿತಿ

ಜಾತ್ರೆಯ ಅಂಗಡಿಗಳಲ್ಲಿ ಕ್ಯಾಸೆಟ್ಟಿನ ಜಾಗಕ್ಕೆ ಮೊದಲು ಹತ್ತಾರು ಗಂಟೆಯ ಎಂ.ಪಿ.3 ಸಿ.ಡಿ. ಬಂತು, ಆಮೇಲೆ ಮೊಬೈಲ್ ಅಂಗಡಿಯಲ್ಲಿ ತುಂಬಿಸಿಕೊಡುವ ಮೆಮೊರಿ ಕಾರ್ಡು, ಈಗ ಯೂಟ್ಯೂಬು. ಉದ್ದದ ಕಟ್ಟು ಕಳಚಿದ್ದರಿಂದ ರಾತ್ರಿಯಿಡೀ ಹಾಡಿದ ಕಥೆಯನ್ನು ಈಗ ಕತ್ತರಿಸದೆ ಮುದ್ರಿಸಬಹುದು. ಚಿಕ್ಕಲ್ಲೂರಿನಲ್ಲೂ ಮುಡುಕುತೊರೆಯಲ್ಲೂ ಮೊಬೈಲ್ ಹಿಡಿದವರು ಅದನ್ನು ಮಾಡುತ್ತಲೂ ಇದ್ದಾರೆ. ಆದರೆ ಹೀಗೆ ಏರಿಸಿದ ಬಹಳಷ್ಟು ಮುದ್ರಿಕೆಗಳಲ್ಲಿ ದೇವರ ಹೆಸರಿದೆ, ಹಾಡಿದವರ ಹೆಸರಿಲ್ಲ. ಹಳೆಯ ಕ್ಯಾಸೆಟ್ಟುಗಳಿಂದ ಏರಿಸಿದ ಕಡತಗಳಲ್ಲಿ ಬದಿಗಳು ಅದಲುಬದಲಾಗಿರುವುದೂ ಎರಡು ಮೇಳಗಳ ಹಾಡಿಕೆ ಒಂದೇ ಕಥೆಯಾಗಿ ಅಂಟಿಕೊಂಡಿರುವುದೂ ಉಂಟು.

ತಿಥಿಗೆ ಮಾಡಿಸಿದ ಕಥೆಯ ಕ್ಯಾಸೆಟ್ಟುಗಳು ಯಾವ ಭಂಡಾರಕ್ಕೂ ಮಾರುಕಟ್ಟೆಗೂ ಬಂದವಲ್ಲ. ತೀರಿಕೊಂಡವರ ಹೆಸರು, ಅವರ ಮಕ್ಕಳು ಮೊಮ್ಮಕ್ಕಳ ಹೆಸರು ಕಥೆಯೊಳಗೇ ಸೇರಿರುವ ಈ ಟೇಪುಗಳು ನಂಜನಗೂಡು, ತಿ. ನರಸೀಪುರದ ಹಳ್ಳಿಗಳ ಮನೆಗಳ ಟ್ರಂಕುಗಳಲ್ಲಿವೆ, ಅವನ್ನು ಓಡಿಸುವ ಯಂತ್ರ ಆ ಮನೆಗಳಲ್ಲಿ ಈಗ ಕೆಟ್ಟಿದೆ.